ಸರ್ಜನ್ ಬಂದರು, ಆಪರೇಷನ್ ಯಾಕೆ ಬರಲಿಲ್ಲ?

ನಮ್ಮ ದೊಡ್ಡಪ್ಪನಿಗೆ 2020ರ ಏಪ್ರಿಲ್ ಮೊದಲ ವಾರ ಹರ್ನಿಯಾ ಆಪರೇಷನ್ ಅಂತ ದಿನ ಗೊತ್ತಾಗಿತ್ತು. ಯುಗಾದಿ ಹಬ್ಬ ಮುಗಿಸಿಕೊಂಡು ಬನ್ನಿ ಅಂತ ಚೀಟಿಯಲ್ಲಿ ತಾರೀಖು ಬರೆದು ಕಳಿಸಿದ್ದರು. ಆ ವರ್ಷ ಮಾರ್ಚ್ 25ಕ್ಕೆ ಯುಗಾದಿ. ಅವತ್ತೇ ಲಾಕ್‌ಡೌನ್ ಶುರುವಾಯಿತು.

ಆಸ್ಪತ್ರೆಗೆ ಫೋನ್ ಮಾಡಿದರೆ, ಪ್ರಾಣಕ್ಕೆ ಅಪಾಯ ಇಲ್ಲದ ಆಪರೇಷನ್ ಎಲ್ಲಾ ಮುಂದಕ್ಕೆ ಹೋಗಿದೆ, ನಾವೇ ಕರೀತೀವಿ ಅಂದರು. ದೊಡ್ಡಪ್ಪ ನಕ್ಕರು. "ಬುಡ್ಲಾ ಮಗಾ, ಈ ಕೊರೋನ ಓದ್ಮೇಲೆ ಮಾಡಿಸ್ಕಂಡ್ರಾಯ್ತು" ಅಂದು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಈರುಳ್ಳಿ ಹೊಲಕ್ಕೆ ಇಳಿದರು. ಅವರನ್ನು ಯಾರೂ ಕರೆಯಲಿಲ್ಲ.

2021ರ ನವೆಂಬರ್. ಮಳೆ ಬಿಡದ ಕಾರ್ತಿಕ ಮಾಸ. ಒಂದು ರಾತ್ರಿ ಗೆಡ್ಡೆ ಒಳಕ್ಕೆ ಹೋಗಲೇ ಇಲ್ಲ, ಕಲ್ಲಿನ ಹಾಗೆ ನಿಂತುಬಿಟ್ಟಿತು. ವಾಂತಿ ಶುರುವಾಯಿತು. ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಬರೆದರೆ ಅಲ್ಲಿದ್ದ ಹುಡುಗನ ತಲೆಗೆ ಬರುತ್ತೆ. ಅಲ್ಲಿ ಸರ್ಜನ್ ಇದ್ದರು. ಹೊಸಬರು, ಇನ್ನೂ ಮೂವತ್ತು ತುಂಬಿದ ಹಾಗಿರಲಿಲ್ಲ. ಮುಟ್ಟಿ ನೋಡಿದರು, ಡ್ರಿಪ್ ಹಾಕಿಸಿದರು, ಮೂಗಿಗೆ ನಳಿಕೆ ಹಾಕಿಸಿದರು, ಮೈಸೂರಿಗೆ ರೆಫರ್ ಅಂತ ಬರೆದರು. ಆಂಬುಲೆನ್ಸ್ ಮೈಸೂರು ತಲುಪಿ, ಹಾಸಿಗೆ ಸಿಕ್ಕಿ, ಥಿಯೇಟರ್ ಒಳಕ್ಕೆ ಹೋಗುವಷ್ಟರಲ್ಲಿ ಬೆಳಕು ಹರಿದಿತ್ತು. ಸಿಕ್ಕಿಕೊಂಡಿದ್ದ ಕರುಳು ಕಪ್ಪಾಗಿತ್ತು. ಒಂದು ಗೇಣಿಗಿಂತ ಜಾಸ್ತಿ ಕತ್ತರಿಸಿ ತೆಗೆದರು.

ದೊಡ್ಡಪ್ಪ ಬದುಕಿದ್ದಾರೆ. ಹೊಲಕ್ಕೆ ಇಳಿಯುವುದು ಮಾತ್ರ ಅಲ್ಲಿಗೇ ನಿಂತಿತು.

ನಮಗೆ ಸಿಟ್ಟು ಬಂದಿತ್ತು. ನಾವು ಪತ್ರಿಕೆಗೆ ಸುದ್ದಿ ಕಳಿಸಿ ಹೊಟ್ಟೆ ಹೊರೆಯುವವರು. 'ಸರ್ಜನ್ ಇದ್ದರೂ ಆಪರೇಷನ್ ಇಲ್ಲ' ಅಂತ ತಲೆಬರಹ ಬರೆದಿಟ್ಟುಕೊಂಡೇ ಆ ಡಾಕ್ಟರ ಹತ್ತಿರ ಹೋದೆವು. ಅವರು ಓಡಿಹೋಗಲಿಲ್ಲ. ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಟೀ ಹೇಳಿ ಕೂರಿಸಿಕೊಂಡರು.

ಅವರು ಹೇಳಿದ್ದು ಇಷ್ಟು. ಎಂಎಸ್ ಸೇರಿದ್ದು 2018ರಲ್ಲಿ. ಸರ್ಜರಿ ಪಿಜಿ ಅಂದರೆ ಮೂರು ವರ್ಷ. ಕೈಗೆ ಕತ್ತಿ ಕೊಟ್ಟು "ಮಾಡಪ್ಪ, ನಾನು ಹಿಂದೆ ನಿಂತಿರ್ತೀನಿ" ಅಂತ ಹಿರಿಯರು ಹೇಳುವುದು ಬಹುಪಾಲು ಕೊನೆಯ ವರ್ಷ. ಅವರ ಕೊನೆಯ ವರ್ಷ ಕೋವಿಡ್ ವಾರ್ಡಿನಲ್ಲಿ ಕಳೆಯಿತು. ಕರುಳು ಕತ್ತರಿಸಿ ಜೋಡಿಸುವ ಆಪರೇಷನ್‌ಗೆ ಜೊತೆಯಲ್ಲಿ ನಿಂತಿದ್ದಾರೆ, ತಾವೇ ಮುಂದಾಗಿ ಮಾಡಿದ್ದಿಲ್ಲ. ಆ ರಾತ್ರಿ ಎರಡನೇ ಸರ್ಜನ್ ಇರಲಿಲ್ಲ, ಅರಿವಳಿಕೆ ಡಾಕ್ಟರು ರಜೆಯಲ್ಲಿದ್ದರು, ರಕ್ತ ಬೇಕೆಂದರೆ ಬೇರೆ ಊರಿಂದ ಬರಬೇಕಿತ್ತು. "ನಾನು ಕೈ ಹಾಕಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ, ಅದನ್ನೂ ನೀವೇ ಬರೀತಿದ್ರಿ ಅಲ್ವಾ ಸಾರ್?" ಅಂದರು.

ಬರೀತಿದ್ದೆವು. ಅದೇ ಸತ್ಯ.

ಆ ಸುದ್ದಿ ನಾವು ಕಳಿಸಲಿಲ್ಲ. ಅವತ್ತಿಂದ ತಲೆಯಲ್ಲಿ ಕೊರೆಯುತ್ತಿದ್ದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಕೊರೋನಾ ಕಾಲದಲ್ಲಿ ಸತ್ತವರ ಲೆಕ್ಕ, ಕೆಲಸ ಕಳೆದುಕೊಂಡವರ ಲೆಕ್ಕ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ಅರೆಬರೆಯಾದರೂ ಆಗಿದೆ. ಆ ಎರಡು ವರ್ಷ ಸರ್ಜನ್ ಆಗಲು ಕಲಿಯುತ್ತಿದ್ದವರು ಏನು ಕಲಿಯದೇ ಹೋದರು ಎಂಬ ಲೆಕ್ಕವನ್ನು ನಮ್ಮ ಸರ್ಕಾರಗಳು ಜನರ ಮುಂದೆ ಇಡಲೇ ಇಲ್ಲ. ಅದನ್ನು ತುಂಬಿಕೊಡುವ ಏರ್ಪಾಡೂ ಆಗಲಿಲ್ಲ. ಆ ಸಾಲ ತೀರಿಸುತ್ತಿರುವವರು ಗುಂಡ್ಲುಪೇಟೆ, ಚಾಮರಾಜನಗರ, ಹನೂರು ಕಡೆಯ ನಾವು.

ಪಿಜಿ ಡಾಕ್ಟರು ಅಂದರೆ ಯಾರು ಅಂತ ಮೊದಲು ಹೇಳಿಬಿಡೋಣ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ, ಅಂದರೆ ಕೆ.ಆರ್. ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ ನಿಮ್ಮನ್ನು ನೋಡುವವರು ಬಹುಮಟ್ಟಿಗೆ ಅವರೇ. ಎಂಬಿಬಿಎಸ್ ಮುಗಿಸಿ, ಮತ್ತೆ ಪರೀಕ್ಷೆ ಬರೆದು ಸರ್ಜರಿ ಓದಲು ಬಂದವರು. ಓದಲು ಅಂತೀವಿ, ಆದರೆ ಇದು ಕುಳಿತು ಓದುವ ವಿದ್ಯೆಯಲ್ಲ.

ಬಂಡೀಪುರದ ರಾಂಪುರ ಆನೆ ಶಿಬಿರ ನೋಡಿದವರಿಗೆ ಕಾವಾಡಿ, ಮಾವುತ ಎಂಬ ವ್ಯತ್ಯಾಸ ಗೊತ್ತು. ಕಾವಾಡಿ ಮೊದಲು ಸೊಪ್ಪು ತರುತ್ತಾನೆ, ಆನೆ ಮೈ ತೊಳೆಯುತ್ತಾನೆ, ಸರಪಳಿ ಹಿಡಿಯುತ್ತಾನೆ. ಆನೆಯ ಉಸಿರು, ಕಿವಿ, ಕಣ್ಣು ಏನು ಹೇಳುತ್ತಿದೆ ಅಂತ ವರ್ಷಗಟ್ಟಲೆ ನೋಡಿ ಆಮೇಲೆ ಒಂದು ದಿನ ಕತ್ತಿನ ಮೇಲೆ ಕೂರುತ್ತಾನೆ. ಸರ್ಜರಿ ಪಿಜಿಯದೂ ಅದೇ ದಾರಿ. ಮೊದಲ ವರ್ಷ ವಾರ್ಡು, ಡ್ರೆಸ್ಸಿಂಗು, ಕೀವು ತೆಗೆಯುವುದು, ಆಪರೇಷನ್ ವೇಳೆ ಗಾಯ ಅಗಲವಾಗಿ ಹಿಡಿದು ನಿಲ್ಲುವುದು. ಎರಡನೇ ವರ್ಷ ಅಪೆಂಡಿಕ್ಸು, ಹೈಡ್ರೋಸೀಲು, ಹರ್ನಿಯಾ, ಹಿರಿಯರ ಕೈ ಪಕ್ಕದಲ್ಲೇ ಇರುತ್ತೆ. ಮೂರನೇ ವರ್ಷ ಪಿತ್ತಕೋಶದ ಕಲ್ಲು, ತೂತು ಬಿದ್ದ ಕರುಳು, ಅಪಘಾತದಲ್ಲಿ ಒಡೆದ ಗುಲ್ಮ. ಹಿರಿಯರು ಹಿಂದೆ ನಿಂತಿರುತ್ತಾರೆ, ಕತ್ತಿ ಇವರ ಕೈಯಲ್ಲಿ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಆ ಕೈ ಪಳಗುವುದು ನಮ್ಮಂಥವರ ಮೈ ಮೇಲೆ. ದೊಡ್ಡಪ್ಪನ ಹರ್ನಿಯಾ 2020ರ ಏಪ್ರಿಲ್‌ನಲ್ಲಿ ಆಗಿದ್ದರೆ ಅದು ಅವರಿಗೆ ಚಿಕಿತ್ಸೆ, ಯಾರೋ ಒಬ್ಬ ಪಿಜಿಗೆ ಪಾಠ. ಎರಡೂ ಒಂದೇ ದಿನ ರದ್ದಾದವು. ದೊಡ್ಡಪ್ಪನ ನಷ್ಟ ನಮಗೆ ಕಾಣಿಸಿತು, ಆ ಪಿಜಿಯ ನಷ್ಟ ಯಾರಿಗೂ ಕಾಣಿಸಲಿಲ್ಲ. ಒಂದೂವರೆ ವರ್ಷ ಆದಮೇಲೆ ಅವೆರಡೂ ಒಂದೇ ರಾತ್ರಿ ಎದುರುಬದುರಾದವು.

ಏನೇನು ನಿಂತಿತು ಅಂತ ನೋಡಿ. 2020ರ ಮಾರ್ಚ್ 20ರಂದು ಕೇಂದ್ರ ಆರೋಗ್ಯ ಇಲಾಖೆ, ತುರ್ತು ಅಲ್ಲದ ಆಪರೇಷನ್‌ಗಳನ್ನು ಮುಂದೂಡಿ ಎಂದು ಆಸ್ಪತ್ರೆಗಳಿಗೆ ಹೇಳಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೇ ಮೀಸಲಿಟ್ಟರು. ಬಡವರ ಆಪರೇಷನ್ ಸಾಲುಸಾಲಾಗಿ ನಡೆಯುತ್ತಿದ್ದ ಜಾಗ ಅದು, ನೂರಾರು ಪಿಜಿಗಳು ಕೈ ಪಳಗಿಸಿಕೊಂಡ ಜಾಗ. ಅರಿವಳಿಕೆ ಡಾಕ್ಟರುಗಳು ಐಸಿಯುಗೆ ಹೋದರು. ವೆಂಟಿಲೇಟರ್ ನಡೆಸಲು ಬರುವವರು ಅವರೇ ತಾನೆ? ಅವರು ಹೋದಮೇಲೆ ಥಿಯೇಟರ್ ಬಾಗಿಲು ತೆಗೆದಿದ್ದರೂ ಉಪಯೋಗ ಇಲ್ಲ. ದೂರ್ಬೀನು ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬುವ ಗಾಳಿಯಿಂದ ವೈರಸ್ ಹರಡೀತೆಂಬ ಭಯಕ್ಕೆ ಮೊದಮೊದಲು ಅದನ್ನೂ ನಿಲ್ಲಿಸಿದ ಕಡೆಗಳುಂಟು. ಅಪೆಂಡಿಕ್ಸ್ ನೋವಿಗೆ ಕತ್ತಿಯ ಬದಲು ಆಂಟಿಬಯಾಟಿಕ್ ಕೊಟ್ಟು ನೋಡಿದರು. ರೋಗಿಗೆ ಅದರಿಂದ ಒಳ್ಳೆಯದೇ ಆಗಿರಬಹುದು. ಕಲಿಯುವವನಿಗೆ ಒಂದು ಅಪೆಂಡಿಕ್ಸ್ ಕಮ್ಮಿಯಾಯಿತು.

ಕೋವಿಡ್‌ಸರ್ಜ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಗುಂಪು 2020ರ ಮೇ ತಿಂಗಳಲ್ಲೇ ಒಂದು ಅಂದಾಜು ಕೊಟ್ಟಿತ್ತು. ಆಸ್ಪತ್ರೆಗಳ ಕೆಲಸ ಬಹಳ ಏರುಪೇರಾಗುವ 12 ವಾರಗಳಲ್ಲಿ ಜಗತ್ತಿನಲ್ಲಿ 2 ಕೋಟಿ 84 ಲಕ್ಷ ಆಪರೇಷನ್ ರದ್ದಾಗಬಹುದು ಅಥವಾ ಮುಂದೆ ಹೋಗಬಹುದು ಅಂತ. ಭಾರತದ ಪಾಲು 5 ಲಕ್ಷ 80 ಸಾವಿರಕ್ಕೂ ಹೆಚ್ಚು. ಹನ್ನೆರಡೇ ವಾರದ ಮಾತು ಅದು. ನಮ್ಮಲ್ಲಿ ಒಂದು ಅಲೆ ಇಳಿದು ಇನ್ನೊಂದು ಎದ್ದು, ಅದು ಇಳಿದು 2022ರ ಜನವರಿಗೆ ಮತ್ತೊಂದು ಬಂತು.

ಆ ಹೊತ್ತಿನಲ್ಲಿ ಸರ್ಜರಿ ಪಿಜಿಗಳು ಏನು ಮಾಡುತ್ತಿದ್ದರು? ಪ್ಲಾಸ್ಟಿಕ್ ದಿರಿಸು ತೊಟ್ಟು, ಬೆವರಿನಲ್ಲಿ ನೆಂದು, ಗಂಟಲ ದ್ರವ ತೆಗೆಯುತ್ತಿದ್ದರು, ಆಕ್ಸಿಜನ್ ಮಟ್ಟ ನೋಡುತ್ತಿದ್ದರು, ಹಾಸಿಗೆ ಎಲ್ಲಿದೆ ಅಂತ ಫೋನ್ ಮಾಡುತ್ತಿದ್ದರು, ಸತ್ತವರ ಮನೆಗೆ ವಿಷಯ ತಿಳಿಸುತ್ತಿದ್ದರು. ಇದು ಚಿಕ್ಕ ಕೆಲಸ ಅಂತ ನಾವು ಯಾವ ಬಾಯಲ್ಲೂ ಹೇಳೆವು. ಅವರಿಲ್ಲದಿದ್ದರೆ ಇನ್ನೂ ಎಷ್ಟೋ ಹೆಣ ಹೊರಬೇಕಿತ್ತು. ಆದರೆ ಅದು ಸರ್ಜರಿ ಅಲ್ಲ. ಪಾಠಗಳು ಆನ್‌ಲೈನ್ ಆದವು ಅಂತ ಕಾಲೇಜುಗಳು ಹೇಳಿದವು. ಮೊಬೈಲಿನಲ್ಲಿ ಈಜು ಕಲಿಸಿ ಕೆರೆಗೆ ತಳ್ಳಿದರೆ ಏನಾಗುತ್ತೆ ಅಂತ ಕೆರೆ ಇರುವ ಊರಿನವರಿಗೆ ಹೇಳಬೇಕಾಗಿಲ್ಲ.

ಒಂದು ತಮಾಷೆ ನೋಡಿ, ಅಳಬೇಕೋ ನಗಬೇಕೋ ತಿಳಿಯದ ತಮಾಷೆ. ಮೊದಲ ಅಲೆಯ ಶುರುವಿನಲ್ಲಿ ಚಾಮರಾಜನಗರ ಜಿಲ್ಲೆಗೆ ಕೊರೋನಾ ಬಂದೇ ಇರಲಿಲ್ಲ. 2020ರ ಜೂನ್ ಎರಡನೇ ವಾರದ ತನಕ ನಾವು ಹಸಿರು ವಲಯ, ಟೀವಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆದರೆ ನಮ್ಮ ಆಪರೇಷನ್‌ಗಳು ಮೈಸೂರಿನಲ್ಲಿ. ಗುಂಡ್ಲುಪೇಟೆಯಿಂದ ಹೋಗಲಿ, ಚಾಮರಾಜನಗರದಿಂದ ಹೋಗಲಿ, ನಂಜನಗೂಡು ದಾಟಿಯೇ ಮೈಸೂರು. ಮಾರ್ಚ್ ಕೊನೆಯಲ್ಲಿ ಆ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲೇ ಸೋಂಕು ಕಾಣಿಸಿ ಊರೇ ಬಂದ್ ಆಯಿತು. ಇತ್ತ ಮೂಲೆಹೊಳೆ ದಾಟಿ ಬತ್ತೇರಿಗೆ ಹೋಗಿ ತೋರಿಸಿಕೊಳ್ಳುತ್ತಿದ್ದ ಗಡಿ ಊರಿನವರಿಗೆ ಕೇರಳದ ದಾರಿಯೂ ಇಲ್ಲ. ಒಂದೂ ಸೋಂಕಿಲ್ಲದ ಜಿಲ್ಲೆಯವರು ಹರ್ನಿಯಾ ಹೊತ್ತುಕೊಂಡು ಮನೆಯಲ್ಲಿ ಕೂತರು. ಆಪರೇಷನ್‌ಗೆ ಇನ್ನೊಂದು ಜಿಲ್ಲೆ ನಂಬಿಕೊಂಡರೆ ಹೀಗೇ ಆಗುವುದು.

ಎರಡನೇ ಅಲೆ ನಮ್ಮನ್ನು ಬಿಡಲಿಲ್ಲ. 2021ರ ಮೇ 2ರ ರಾತ್ರಿಯನ್ನು ಈ ಜಿಲ್ಲೆಯವರು ಮರೆಯುವ ಹಾಗಿಲ್ಲ. ಮಾರನೆಯ ಬೆಳಗ್ಗೆ ಹೊತ್ತಿಗೆ ಜಿಲ್ಲಾ ಕೋವಿಡ್ ಆಸ್ಪತ್ರೆಯಲ್ಲಿ 24 ಸಾವು. ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರೇ ಅಂತ ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ಆದೇಶದಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಯ ವರದಿ ಆ ಮಾತನ್ನು ಉಳಿಸಲಿಲ್ಲ. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಇನ್ನೂ ಬರೆಯುವುದಿದೆ. ಇವತ್ತು ಹೇಳಬೇಕಾದ್ದು ಅದೇ ದಿನ, ಮೇ 3ರಂದು, ದೆಹಲಿಯಲ್ಲಿ ಆದ ಇನ್ನೊಂದು ತೀರ್ಮಾನದ ಬಗ್ಗೆ.

ನಾವು ಹೆಣ ಎಣಿಸುತ್ತಿದ್ದ ದಿನವೇ ಪ್ರಧಾನಿ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ನೀಟ್ ಪಿಜಿ ಪರೀಕ್ಷೆ ಕನಿಷ್ಠ ನಾಲ್ಕು ತಿಂಗಳು ಮುಂದಕ್ಕೆ. ಹೌಸ್ ಸರ್ಜನ್‌ಗಳು ಕೋವಿಡ್ ಕೆಲಸಕ್ಕೆ. ಕೊನೆಯ ವರ್ಷದ ಪಿಜಿಗಳನ್ನು ಹೊಸ ಬ್ಯಾಚ್ ಬರುವ ತನಕ ಬಳಸಿಕೊಳ್ಳಬಹುದು. ನೂರು ದಿನ ಕೋವಿಡ್ ಕೆಲಸ ಮಾಡಿದವರಿಗೆ ಸರ್ಕಾರಿ ನೇಮಕದಲ್ಲಿ ಆದ್ಯತೆ, ಪ್ರಧಾನಿ ಹೆಸರಿನ ಒಂದು ಸನ್ಮಾನ.

ತೀರ್ಮಾನ ತಪ್ಪು ಅಂತ ಹೇಳುತ್ತಿಲ್ಲ. ಬೆಂಕಿ ಬಿದ್ದಾಗ ಯಾರ ಕೈಯಲ್ಲಿ ಏನಿದೆಯೋ ಅದರಲ್ಲೇ ನೀರು ಹೊಯ್ಯಬೇಕು. ಆದರೆ ಆ ಪ್ರಕಟಣೆಯಲ್ಲಿ ಪಿಜಿಗಳು ದುಡಿಯುವ ಕೈಗಳಾಗಿ ಮಾತ್ರ ಇದ್ದರು. ಇವರು ಕಲಿಯಲು ಬಂದವರು, ಕಳೆದ ದಿನಗಳನ್ನು ಆಮೇಲೆ ಹೀಗೆ ತುಂಬಿಕೊಡುತ್ತೇವೆ ಎಂಬ ಒಂದು ಸಾಲು ಇರಲಿಲ್ಲ. ಆಮೇಲಾದರೂ ಬಂತೇ ಅಂದರೆ, ಅದೂ ಇಲ್ಲ. ಆ ವರ್ಷದ ನೀಟ್ ಪಿಜಿ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಮೀಸಲಾತಿ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡು ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿ 12ಕ್ಕೆ. ಅಂದರೆ ಹೆಚ್ಚೂಕಮ್ಮಿ ಒಂದು ವರ್ಷ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲ ವರ್ಷದ ಪಿಜಿಗಳೇ ಇಲ್ಲ. ಆ ಕೆಲಸವನ್ನೂ ಮೇಲಿನವರೇ ಹೊತ್ತರು. ಡ್ರೆಸ್ಸಿಂಗು, ಕೇಸ್ ಶೀಟು, ರಕ್ತ ತರಲು ಓಡಾಟ. ಆಪರೇಷನ್ ಮತ್ತೆ ಶುರುವಾದರೂ ಥಿಯೇಟರ್ ಒಳಗೆ ನಿಲ್ಲಲು ಅವರಿಗೆ ಹೊತ್ತು ಸಿಗಬೇಕಲ್ಲ.

ಪರೀಕ್ಷೆ ಮಾತ್ರ ಬಿಡಲಿಲ್ಲ. ಕೋವಿಡ್ ಕೆಲಸದಲ್ಲೇ ಇದ್ದೆವು, ಓದಲಾಗಲಿಲ್ಲ, ಕೊನೆಯ ವರ್ಷದ ಪರೀಕ್ಷೆ ರದ್ದು ಮಾಡಿ ಅಂತ ಕೆಲವು ಪಿಜಿ ಡಾಕ್ಟರುಗಳು ಸುಪ್ರೀಂ ಕೋರ್ಟಿಗೆ ಹೋದರು. 2021ರ ಜೂನ್ 18ರಂದು ಕೋರ್ಟ್ ಒಪ್ಪಲಿಲ್ಲ. ಪರೀಕ್ಷೆ ಇಲ್ಲದೆ ಪಾಸು ಮಾಡಲಾಗದು ಅಂದಿತು. ಸರಿಯಾದ ಮಾತೇ. ಪರೀಕ್ಷೆ ಬರೆಯದ ಸರ್ಜನ್ ಕೈಗೆ ನಮ್ಮ ಹೊಟ್ಟೆ ಕೊಡಲು ನಮಗೂ ಇಷ್ಟವಿಲ್ಲ. ಆದರೆ ಆಪರೇಷನ್ ಮಾಡದ ಸರ್ಜನ್? ಪ್ರತಿ ಪಿಜಿಗೂ ಒಂದು ಲಾಗ್‌ಬುಕ್ ಇರುತ್ತೆ, ಏನು ನೋಡಿದೆ, ಏನಕ್ಕೆ ಜೊತೆ ನಿಂತೆ, ಏನು ಸ್ವತಃ ಮಾಡಿದೆ ಅಂತ ಬರೆದಿಡುವ ಪುಸ್ತಕ. 2018, 2019, 2020ರ ಬ್ಯಾಚುಗಳ ಆ ಪುಸ್ತಕಗಳನ್ನು ಹಿಂದಿನ ಬ್ಯಾಚುಗಳ ಪಕ್ಕದಲ್ಲಿಟ್ಟು ನೋಡಿದ್ದರೆ ಎಲ್ಲಿ ಎಷ್ಟು ಕಮ್ಮಿ ಅಂತ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ಕರ್ನಾಟಕದ ಸರ್ಕಾರಿ ಕಾಲೇಜುಗಳ ಮಟ್ಟಿಗಾದರೂ ಆ ಕೆಲಸ ಮಾಡಿ ಜನರಿಗೆ ತೋರಿಸಬೇಕಿತ್ತು.

ನಮ್ಮ ಮಾತಿಗೆ ಎದುರು ಮಾತು ಇದೆ, ಡಾಕ್ಟರುಗಳೇ ಹೇಳುತ್ತಾರೆ. ಕಿವಿ-ಮೂಗು-ಗಂಟಲು ವಿಭಾಗದ ಪಿಜಿಗಳು 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಮಾಡಿದಷ್ಟು ಆಪರೇಷನ್‌ಗಳನ್ನು ಅವರ ಹಿರಿಯರು ಕಂಡಿರಲಿಲ್ಲವಂತೆ. ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಆ ರೋಗಿಗಳಿದ್ದರು. ನಿಜ. ಉಸಿರಾಟ ಕೈಕೊಟ್ಟ ರೋಗಿಯನ್ನು ನೋಡಿಕೊಳ್ಳುವುದನ್ನು ಸರ್ಜನ್‌ಗಳೂ ಕಲಿತರು, ಅದೂ ನಿಜ. ಆದರೆ ಕೊಳೆತ ಸೈನಸ್ ತೆಗೆಯಲು ಕಲಿತ ಕೈಗೆ ಮಗುವಿನ ಟಾನ್ಸಿಲ್ ತಾನಾಗಿ ಬರುವುದಿಲ್ಲ. ನಮ್ಮೂರಿಗೆ ದಿನಾ ಬೇಕಾಗಿರುವುದು ಎರಡನೆಯದು.

ಇನ್ನೊಂದು ಎದುರು ಮಾತು: ಅದಾಗಿ ವರ್ಷಗಳು ಕಳೆದವು, ಅವರೆಲ್ಲ ಆಮೇಲೆ ಕಲಿತುಕೊಂಡಿರುತ್ತಾರೆ ಬಿಡಿ. ನಮಗೆ ಸಿಟ್ಟು ಬರುವುದು ಈ ಮಾತಿಗೆ. ಕಲಿತುಕೊಂಡವರು ಯಾರು? ಮನೆಯಲ್ಲಿ ಅನುಕೂಲ ಇದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಹಿರಿಯ ಸರ್ಜನ್ ಪಕ್ಕದಲ್ಲಿ ಮತ್ತೆರಡು ವರ್ಷ ನಿಂತವರು. ಹತ್ತು ಸರ್ಜನ್ ಇರುವ ಕಡೆ ಕೈ ಕೊಂಚ ಹಿಂದಿದ್ದರೂ ಪಕ್ಕದವನು ತುಂಬಿಕೊಡುತ್ತಾನೆ. ಆಗ ನಮ್ಮಲ್ಲಿ 2012ರ ಕಡ್ಡಾಯ ಸೇವೆ ಕಾಯ್ದೆ ಇತ್ತು, ಪಿಜಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕು ಅಂತ. ಒಳ್ಳೆಯ ಕಾಯ್ದೆ, ನಾವು ಅದರ ಪರ. ಆದರೆ ಕೊನೆಯ ವರ್ಷ ಕಳೆದುಕೊಂಡ ಹುಡುಗನನ್ನು, ಹುಡುಗಿಯನ್ನು ಒಬ್ಬರೇ ಸರ್ಜನ್ ಇರುವ ಆಸ್ಪತ್ರೆಗೆ ಹಾಕಿದರೆ ಅವರು ಯಾರ ಪಕ್ಕ ನಿಂತು ಕಲಿಯಬೇಕು? ಜೊತೆಗೆ ಹೆದರಿಕೆ. ಏನಾದರೂ ಆದರೆ ಊರವರು ಹೊಡೆಯುತ್ತಾರೆ, ನಮ್ಮಂಥವರು ಬರೆಯುತ್ತೇವೆ, ಇಲಾಖೆ ನೋಟಿಸ್ ಕೊಡುತ್ತದೆ. ರೆಫರ್ ಅಂತ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹೀಗೆ ಮೊದಲ ವರ್ಷ ಕೈ ಹಾಕದವರಿಗೆ ಎರಡನೇ ವರ್ಷ ಇನ್ನೂ ಹೆದರಿಕೆ. ಕೈ ಹಾಕದೆ ಕೈ ಪಳಗದು, ಪಳಗದ ಕೈಯನ್ನು ಹಾಕಲು ಧೈರ್ಯ ಬಾರದು.

ಸರ್ಜನ್ ಒಬ್ಬರ ಮೇಲೇ ಎಲ್ಲ ಹಾಕುವುದೂ ಸರಿಯಲ್ಲ. ಅರಿವಳಿಕೆ ಡಾಕ್ಟರು, ರಕ್ತ, ಥಿಯೇಟರ್ ನರ್ಸು, ಕರೆಂಟು, ಕೆಟ್ಟುನಿಂತ ಡಯಾಥರ್ಮಿ ಯಂತ್ರ, ಇವೆಲ್ಲ ಹಳೇ ರೋಗಗಳು, ಕೊರೋನಾಗಿಂತ ಮುಂಚಿನವು. ನಾವು ಹೇಳುವುದು, ಆ ಹಳೇ ರೋಗದ ಮೇಲೆ ಈ ಹೊಸ ಗಾಯ ಬಿತ್ತು ಅಂತ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಆಯೋಗ 2015ರಲ್ಲಿ ಒಂದು ಅಳತೆಗೋಲು ಕೊಟ್ಟಿದೆ. ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಆಪರೇಷನ್, ಮೂಳೆ ಚರ್ಮ ಹರಿದು ಹೊರಬಂದ ಮುರಿತಕ್ಕೆ ಚಿಕಿತ್ಸೆ, ಈ ಮೂರನ್ನು ಮಾಡಬಲ್ಲ ಆಸ್ಪತ್ರೆ ಎರಡು ಗಂಟೆಯೊಳಗೆ ಸಿಗಬೇಕು ಅಂತ. ಲಕ್ಷ ಜನಕ್ಕೆ ವರ್ಷಕ್ಕೆ 5,000 ಆಪರೇಷನ್ ಆಗಬೇಕು ಅಂತಲೂ ಹೇಳಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 10,20,791. ಆ ಲೆಕ್ಕದಲ್ಲಿ ವರ್ಷಕ್ಕೆ 51,000 ಆಪರೇಷನ್. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಪೋಡುಗಳಿಂದ, ಬಂಡೀಪುರದ ಕಾಡಂಚಿನ ಹಾಡಿಗಳಿಂದ ರಾತ್ರಿ ಹೊತ್ತು ಹೊರಟು ಎರಡು ಗಂಟೆಯಲ್ಲಿ ಎಲ್ಲಿ ಮುಟ್ಟುತ್ತೀರಿ ಅಂತ ನೀವೇ ಎಣಿಸಿ ನೋಡಿ.

ಕಟ್ಟಡ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2016ರಲ್ಲಿ ಚಾಮರಾಜನಗರಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದರೇ ಬಂದು 450 ಹಾಸಿಗೆಯ ಬೋಧನಾ ಆಸ್ಪತ್ರೆ ಉದ್ಘಾಟಿಸಿದರು. ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಹೆದರಿ ಬಾರದಿದ್ದ ಊರಿಗೆ ರಾಷ್ಟ್ರಪತಿ ಬಂದರು ಅಂತ ನಾವೂ ಖುಷಿಯಲ್ಲಿ ಸುದ್ದಿ ಕಳಿಸಿದೆವು. ಆ ಕಾಲೇಜಿನ ಮೊದಲ ಬ್ಯಾಚಿನ ಮಕ್ಕಳಿಗೆ ಕೊನೆಯ ವರ್ಷಗಳ ಓದು ಬಂದದ್ದು ಕೊರೋನಾ ನಡುವೆ. ಅವರಲ್ಲಿ ಯಾರಾದರೂ ಸರ್ಜನ್ ಆಗಿ ಇಲ್ಲಿಗೇ ಮರಳಿ ಬಂದರೆ ನಮಗೆ ಅದಕ್ಕಿಂತ ಸಂತೋಷ ಇಲ್ಲ.

ದಾರಿಯೂ ಇದೆ, ಹೊಸದಾಗಿ ಹುಡುಕಬೇಕಾಗಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ, ಕೊರೋನಾ ಉರಿಯುತ್ತಿದ್ದಾಗಲೇ, ಪಿಜಿ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕು, ಜಿಲ್ಲಾ ರೆಸಿಡೆನ್ಸಿ ಅಂತ ಅದರ ಹೆಸರು. ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ. ದೊಡ್ಡ ಊರಿನ ಕಾಲೇಜಿನವರು ಇದನ್ನು ಶಿಕ್ಷೆಯ ಹಾಗೆ ನೋಡುವುದು ನಮಗೆ ಗೊತ್ತು. ಆದರೆ ಯೋಚಿಸಿ. ಹರ್ನಿಯಾ, ಹೈಡ್ರೋಸೀಲು, ಅಪೆಂಡಿಕ್ಸು, ಮೂಲವ್ಯಾಧಿ, ಕೀವುಗಡ್ಡೆ ಇರುವುದು ಎಲ್ಲಿ? ನಮ್ಮಲ್ಲಿ. ಕಲಿಯದೇ ಹೋದದ್ದು ಏನು? ಅದೇ. ಜಿಲ್ಲಾ ಆಸ್ಪತ್ರೆಗೆ ಬಂದ ಪಿಜಿಯನ್ನು ಓಪಿಡಿ ಚೀಟಿ ಬರೆಯಲು, ಶಿಬಿರಕ್ಕೆ ಕಳಿಸಲು ಬಳಸದೆ, ವಾರಕ್ಕೆ ಮೂರು ದಿನ ಹಿರಿಯ ಸರ್ಜನ್ ಜೊತೆ ಥಿಯೇಟರಿನಲ್ಲಿ ನಿಲ್ಲಿಸಿ. ಅದರಲ್ಲಿ ಒಂದು ದಿನ ಆ ತಂಡವನ್ನೇ, ಅರಿವಳಿಕೆ ಡಾಕ್ಟರ ಸಮೇತ, ಗುಂಡ್ಲುಪೇಟೆಗೋ ಹನೂರಿಗೋ ಕರೆತನ್ನಿ. ಅಲ್ಲಿ ಒಬ್ಬರೇ ಇರುವ ಸರ್ಜನ್‌ಗೂ ಜೊತೆ ಸಿಗುತ್ತದೆ, ಹೆದರಿಕೆ ಬಿಡುತ್ತದೆ. ನಮ್ಮವರ ಆಪರೇಷನ್ ಆಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ವ್ಯಾನು ಮತ್ತು ಒಂದು ಆದೇಶ ಸಾಕು.

ಆ ಮೂರು ಬ್ಯಾಚಿನವರು, ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿರುವವರು, ಬೇಕು ಅಂದರೆ ಸಂಬಳ ಸಹಿತ ಮೂರೋ ಆರೋ ತಿಂಗಳು ಮೈಸೂರಿನ ಕಾಲೇಜು ಆಸ್ಪತ್ರೆಗೆ ಮರಳಿ ಹೋಗಿ ಕೈ ಪಳಗಿಸಿಕೊಂಡು ಬರಲು ಬಿಡಬೇಕು. ಕೇಳುವುದು ಅವಮಾನ ಅಂತ ಯಾರೂ ತಿಳಿಯದ ಹಾಗೆ ಆದೇಶದಲ್ಲೇ ಬರೆಯಬೇಕು. ಮತ್ತೆ ಇಂಥದೇ ಪಿಡುಗು ಬಂದರೆ, ಬರದೇ ಇರುತ್ತೆ ಅಂತ ಯಾರು ಹೇಳಬಲ್ಲರು, ಇಡೀ ಆಸ್ಪತ್ರೆಯನ್ನು ಒಂದೇ ರೋಗಕ್ಕೆ ಬರೆದುಕೊಡಬಾರದು. ವಿಭಾಗಕ್ಕೆ ಒಂದು ಥಿಯೇಟರ್, ಒಬ್ಬ ಅರಿವಳಿಕೆ ಡಾಕ್ಟರು, ಸರದಿಯ ಮೇಲೆ ಪಿಜಿಗಳು ಉಳಿದೇ ಇರಬೇಕು. ಸಿಸೇರಿಯನ್‌ಗೆ ಹಾಗೆ ಉಳಿಸಿಕೊಂಡೆವಲ್ಲ? ಹೆರಿಗೆ ಕಾಯುವುದಿಲ್ಲ ಅಂತ. ಸಿಕ್ಕಿಕೊಂಡ ಕರುಳೂ ಕಾಯುವುದಿಲ್ಲ.

ನಮ್ಮ ಪತ್ರಕರ್ತರಿಗೂ ಒಂದು ಮಾತು. ಆಪರೇಷನ್ ಮಾಡಿ ರೋಗಿ ಸತ್ತರೆ ಮೊದಲ ಪುಟ, ರೆಫರ್ ಮಾಡಿ ದಾರಿಯಲ್ಲಿ ಸತ್ತರೆ ಸುದ್ದಿಯೇ ಇಲ್ಲ. ಈ ಕೆಟ್ಟ ರೂಢಿ ಬೆಳೆಸಿದವರಲ್ಲಿ ನಾವೂ ಇದ್ದೇವೆ. ಇನ್ನು ಮುಂದೆ ರೆಫರ್ ಚೀಟಿಗಳನ್ನೂ ಎಣಿಸುತ್ತೇವೆ.

ನೀವು ಮಾಡಬಹುದಾದ ಕೆಲಸ ಒಂದಿದೆ, ಖರ್ಚು 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಸಿಸೇರಿಯನ್ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಬಿಟ್ಟು, 2019ರಿಂದ ಈಚೆಗೆ ಪ್ರತಿ ತಿಂಗಳು ಆಪರೇಷನ್ ಥಿಯೇಟರ್ ರಿಜಿಸ್ಟರಿನಲ್ಲಿ ದಾಖಲಾದ ಶಸ್ತ್ರಚಿಕಿತ್ಸೆ ಎಷ್ಟು ಅಂತ ಕೇಳಿ. ಶಸ್ತ್ರಚಿಕಿತ್ಸೆಗೆಂದು ಬೇರೆ ಆಸ್ಪತ್ರೆಗೆ ಕಳಿಸಿದವರು ಎಷ್ಟು ಅಂತ ಇನ್ನೊಂದು ಅರ್ಜಿಯಲ್ಲಿ ಕೇಳಿ. ರೋಗಿಗಳ ಹೆಸರು ಕೇಳಬೇಡಿ, ಸಂಖ್ಯೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಬಂದ ಕಾಗದದ ಫೋಟೋ ತೆಗೆದು ನಮಗೆ ಕಳಿಸಿ, ಒಂದು ಪ್ರತಿಯನ್ನು ಮುಂದಿನ ಕೆಡಿಪಿ ಸಭೆಗೆ ಮುಂಚೆ ನಿಮ್ಮ ಶಾಸಕರ ಕೈಗೆ ಕೊಡಿ. ಗುಂಡ್ಲುಪೇಟೆಯ ಅರ್ಜಿಯನ್ನು ನಾವು ಈ ಸೋಮವಾರ ಹಾಕುತ್ತಿದ್ದೇವೆ. ದೊಡ್ಡಪ್ಪ ತಮ್ಮ ಹೆಸರಲ್ಲೇ ಹಾಕಿ ಅಂದಿದ್ದಾರೆ.